ತೊಗಟೆಯ ಬಿಸಿಯಲ್ಲಿ ಹಣ್ಣಾದ ಅನಾನಸು

ಮಲೆನಾಡಿನ ನಮ್ಮ ತೋಟದ ಬೇಲಿಗುಂಟ ಅನಾನಸು ಯಾರ ಆರೈಕೆಯೂ ಇಲ್ಲದೆ ಬೆಳೆಯುತ್ತದೆ. ಹಾಗಾಗಿಯೇ 18ನೇ ಶತಮಾನದ ಇಂಗ್ಲೆಂಡಿನ ತೋಟಗಾರರ ಮೇಲೆ ನನಗೆ ಅಪಾರ ಗೌರವ. ರಿಚ್ಮಂಡ್‌ನಲ್ಲಿ ವ್ಯಾಪಾರಿ ಮ್ಯಾಥ್ಯೂ ಡೆಕರನ ತೋಟಗಾರ ಹೆನ್ರಿ ಟೆಲೆಂಡ್ 1720ರ ಹೊತ್ತಿಗೆ ಅಲ್ಲಿನ ಚಳಿಯಲ್ಲೇ ಹಣ್ಣು ಬಿಡಿಸಿದ್ದ.

ಗುಟ್ಟು ಇದ್ದದ್ದು ಚರ್ಮ ಹದಮಾಡಿ ಉಳಿದ ಓಕ್ ತೊಗಟೆಯಲ್ಲಿ. ಕುದುರೆ ಲದ್ದಿ ಬೇಗ ಕಾದು ಬೇಗ ಆರುತ್ತದೆ. ಒದ್ದೆ ತೊಗಟೆ ನಿಧಾನವಾಗಿ ಕೊಳೆಯುತ್ತಾ ತಿಂಗಳುಗಟ್ಟಲೆ ಒಂದೇ ಹದದ ಬಿಸಿ ಕೊಡುತ್ತದೆ. ಇಟ್ಟಿಗೆ ಕಟ್ಟಿದ ಗುಂಡಿಗೆ ಅದನ್ನು ತುಂಬಿ, ಕುಂಡಗಳನ್ನು ಕಂಠದವರೆಗೆ ಹೂತು, ಮೇಲೆ ಗಾಜು ಮುಚ್ಚುತ್ತಿದ್ದರು. ತೊಗಟೆಯೊಳಗೆ ಚುಚ್ಚಿಟ್ಟ ಕೋಲನ್ನು ಎಳೆದು ಅಂಗೈಯಲ್ಲಿ ಹಿಡಿದರೆ ಬೇರಿನ ಬಳಿಯ ಶಾಖ ತಿಳಿಯುತ್ತಿತ್ತು. ಒಂದು ಹಣ್ಣಿಗೆ ಎರಡು ಮೂರು ವರ್ಷ ಈ ಕಾವಲು. ಹೊಗಳಿಕೆಯೆಲ್ಲ ಊಟದ ಮೇಜಿನ ಧಣಿಗೇ ಸಂದದ್ದು ನ್ಯಾಯವಲ್ಲ.

19ನೇ ಶತಮಾನದಲ್ಲಿ ಹಬೆಹಡಗುಗಳು ಅಗ್ಗದ ಹಣ್ಣು ತಂದವು. ಗುಂಡಿಗಳು ಯಾರಿಗೂ ಬೇಡವಾದವು.