ಮೂವರು ಇಂದಿರೆಯರು, ಒಂದು ಸುಳ್ಳು

ಸಿನಿಮಾ ನೋಡಿ ಹೊರಗೆ ಬರುವಾಗ "ಕಾದಂಬರಿಯಷ್ಟು ಚೆನ್ನಾಗಿಲ್ಲಪ್ಪ" ಎನ್ನುವುದು ನಮ್ಮಂಥ ನಾಲ್ಕಕ್ಷರ ಕಲಿತ ಹೆಂಗಸರ ಅಭ್ಯಾಸ. ಹಾಗೆ ಹೇಳಿದರೆ ಎರಡು ಸಂಗತಿ ಒಟ್ಟಿಗೇ ಹೇಳಿದಂತಾಗುತ್ತದೆ: ಸಿನಿಮಾ ಅಷ್ಟಕ್ಕಷ್ಟೆ, ಮತ್ತು ನಾನು ಪುಸ್ತಕ ಓದಿದವಳು. ಟೀಚರುಗಳ ಕೋಣೆಯಲ್ಲಿ ಈ ಮಾತನ್ನು ನಾನೂ ಬಹಳ ಸಲ ಹೇಳಿದ್ದೇನೆ. ಆದರೆ ಹೇಳುವಾಗಲೆಲ್ಲ ಮನಸ್ಸಿನೊಳಗೆ ನಮ್ಮ ಅಜ್ಜಿ ಕುಳಿತು ಮುಗುಳ್ನಗುತ್ತಾರೆ. ಕಥೆ ಕೆಡಿಸಿದವರ ಪಟ್ಟಿಯಲ್ಲಿ ಮೊದಲ ಹೆಸರು ನನ್ನದೇ ಎಂದು ಅವರಿಗೆ ಗೊತ್ತು.

ನಮ್ಮೂರು ಕುಂದಾಪುರ ತಾಲೂಕಿನ ಗುಲ್ವಾಡಿ. ಟಾಕೀಸು ಇಲ್ಲದ ಊರು. ಸಿನಿಮಾ ಬೇಕಾದರೆ ಕುಂದಾಪುರದ ಬಸ್ಸು ಹತ್ತಬೇಕಿತ್ತು. ಆದರೆ ಕನ್ನಡ ಕಾದಂಬರಿಯ ಚರಿತ್ರೆಯಲ್ಲಿ ಈ ಊರಿನ ಹೆಸರು ಮೊದಲ ಪುಟದಲ್ಲೇ ಇದೆ. ಊರಿನ ಹೆಸರನ್ನೇ ಮನೆತನದ ಹೆಸರಾಗಿ ಹೊತ್ತ ಗುಲ್ವಾಡಿ ವೆಂಕಟರಾಯರು (1844–1913) ಪೊಲೀಸ್ ಇಲಾಖೆಯಲ್ಲಿದ್ದವರು. 1899ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದ ಅವರ 'ಇಂದಿರಾಬಾಯಿ ಅಥವಾ ಸದ್ಧರ್ಮ ವಿಜಯ'ವನ್ನು ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎನ್ನುತ್ತಾರೆ. ಚಿಕ್ಕ ಪ್ರಾಯದಲ್ಲೇ ಗಂಡನನ್ನು ಕಳೆದುಕೊಂಡ ಇಂದಿರೆ ಹೆತ್ತವರ ಮನೆಯಿಂದ ಹೊರಬೀಳುತ್ತಾಳೆ, ಅಮೃತರಾಯರ ಆಶ್ರಯದಲ್ಲಿ ಅಕ್ಷರ ಕಲಿಯುತ್ತಾಳೆ, ಇಂಗ್ಲೆಂಡಿಗೆ ಹೋಗಿ ಓದಿ ಬಂದ ಭಾಸ್ಕರರಾಯನನ್ನು ಮದುವೆಯಾಗುತ್ತಾಳೆ. ನಾಲ್ಕೇ ವರ್ಷದಲ್ಲಿ, 1903ರಲ್ಲಿ, ಪುಸ್ತಕ ಇಂಗ್ಲಿಷಿಗೂ ಹೋಯಿತು.

ಅಜ್ಜಿ ಎಂದೆನಲ್ಲ, ಅವರು ನನ್ನ ಅಜ್ಜನ ತಂಗಿ. ಎಂಟಕ್ಕೆ ಮದುವೆ, ಹನ್ನೊಂದಕ್ಕೆ ವೈಧವ್ಯ. ಮತ್ತೆ ಸಾಯುವವರೆಗೆ ತವರುಮನೆಯ ಹಿಂದಿನ ಕೋಣೆ, ಬಾವಿಕಟ್ಟೆ, ಒಲೆ. ಓದು ಬಾರದು. ಆದರೆ ಕಥೆಯ ಹುಚ್ಚು ಬಹಳ. ಸಂಜೆ ನಾನು ವಾಚನಾಲಯದಿಂದ ತಂದ ಕಾದಂಬರಿಯನ್ನು ಅವರು ಅಕ್ಕಿ ಆರಿಸುತ್ತಾ, ಹೂಬತ್ತಿ ಹೊಸೆಯುತ್ತಾ ಕೇಳುತ್ತಿದ್ದರು. ಯಾವ ಕಥೆಯಾಗಲಿ, ನಾಯಕಿ ಬಂದ ಕೂಡಲೇ ಅವರದು ಒಂದೇ ಪ್ರಶ್ನೆ: "ಅವ್ಳಿಗೆ ಓದುಕೆ ಬತ್ತಾ?"

ಹದಿನಾಲ್ಕನೆಯ ವಯಸ್ಸಿನಲ್ಲಿ ನಾನು ಅವರಿಗೆ ತ್ರಿವೇಣಿಯವರ 'ಬೆಳ್ಳಿಮೋಡ' ಓದಿ ಹೇಳಿದೆ. ಅಲ್ಲಿಯ ನಾಯಕಿಯೂ ಇಂದಿರೆಯೇ. ಅವಳ ತಂದೆಯ ದುಡ್ಡಿನಲ್ಲಿ ಅಮೆರಿಕಕ್ಕೆ ಹೋಗಿ ಓದಿದ ಮೋಹನ ಹಿಂದೆ ಬರುವಾಗ ಅವಳಿಗೊಬ್ಬ ತಮ್ಮ ಹುಟ್ಟಿರುತ್ತಾನೆ. ಎಸ್ಟೇಟು ಕೈತಪ್ಪಿತು ಎಂದು ತಿಳಿದವನೇ ಮದುವೆ ಬೇಡ ಎನ್ನುತ್ತಾನೆ. ಮುಂದೆ ಪೆಟ್ಟಾಗಿ ಮಲಗಿದವನ ಆರೈಕೆಯನ್ನು ಅವಳೇ ಮಾಡುತ್ತಾಳೆ. ಅವನಿಗೆ ಪಶ್ಚಾತ್ತಾಪವಾಗುತ್ತದೆ. ಈಗ ಬೇಡ ಎನ್ನುವ ಸರದಿ ಇಂದಿರೆಯದು. ಆ ಕೊನೆಯ ಪುಟಗಳನ್ನು ಅಜ್ಜಿಯ ಮುಖ ನೋಡುತ್ತಾ ಓದಲು ನನಗೆ ಧೈರ್ಯ ಬರಲಿಲ್ಲ. ಪುಸ್ತಕದ ಮೇಲೇ ಕಣ್ಣಿಟ್ಟು, ಇಂದಿರೆ ಒಪ್ಪಿದಳು, ಮದುವೆಯಾಯಿತು, ಎಲ್ಲರೂ ಊಟ ಮಾಡಿದರು ಎಂದು ನಾನೇ ಹೊಸೆದು ಹೇಳಿದೆ. ಅಜ್ಜಿ ಬತ್ತಿ ಹೊಸೆಯುವುದನ್ನು ನಿಲ್ಲಿಸಿ, "ಹಾಂಗಾರೆ ಒಳ್ಳೇದಾಯ್ತ್" ಎಂದರು. ದೊಡ್ಡ ಪುಣ್ಯದ ಕೆಲಸ ಮಾಡಿದೆ ಎಂದುಕೊಂಡೆ.

ಕೆಲವು ವರ್ಷಗಳ ನಂತರ ನಮ್ಮ ಮನೆಗೆ ಕಪ್ಪು ಬಿಳುಪು ಟಿ.ವಿ. ಬಂತು. ಒಂದು ಸಂಜೆ 'ಬೆಳ್ಳಿಮೋಡ'ವೇ ಬರಬೇಕೆ! ಪುಟ್ಟಣ್ಣ ಕಣಗಾಲರು ಕನ್ನಡದಲ್ಲಿ ಸ್ವತಂತ್ರವಾಗಿ ನಿರ್ದೇಶಿಸಿದ ಮೊದಲ ಚಿತ್ರವದು, 1967ರದು. ಇಂದಿರೆಯಾಗಿ ಕಲ್ಪನಾ, ಮೋಹನನಾಗಿ ಕಲ್ಯಾಣ್‌ಕುಮಾರ್. ಅಜ್ಜಿ ಬಾಗಿಲ ಸಂದಿಯಲ್ಲಿ ಕುಳಿತು ನೋಡಿದರು. ಕಲ್ಪನಾ ಕೊನೆಗೆ ಬೇಡ ಎಂದಾಗ ನಾನು ಮೆಲ್ಲನೆ ಅಡಿಗೆಮನೆಗೆ ಜಾರಿದೆ. ಅಜ್ಜಿ ಅಲ್ಲಿಗೇ ಬಂದರು. "ಅವ್ಳ್ ಬ್ಯಾಡ ಅಂದ್ಳಲ್ಲೆ! ನೀ ಎಂತಕ್ ಮದಿ ಮಾಡ್ಸಿದ್ದ್?"

ನಿಮಗೆ ಬೇಸರವಾಗಬಾರದೆಂದು ಎಂದೆ. ಅವರು ಇನ್ನೂ ಗಟ್ಟಿಯಾಗಿ ಬೈದರು. ಒಬ್ಬಳು ಹೆಣ್ಣು ಬೇಡ ಎಂದು ಹೇಳಿದ್ದನ್ನು ಅವರು ಜನ್ಮದಲ್ಲಿ ಮೊದಲ ಸಲ ಕೇಳಿದ್ದಂತೆ. ಅದನ್ನು ನಾನು ಇಷ್ಟು ವರ್ಷ ಮುಚ್ಚಿಟ್ಟಿದ್ದೆನಂತೆ.

ಅಂದಿನಿಂದ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಪುಸ್ತಕ ಓದಿದವರಿಗೆ ಸಿನಿಮಾ ಎರಡನೆಯ ಕಥೆ. ಹೋಲಿಸಿ ನೋಡಿ ತಪ್ಪು ಹಿಡಿಯುವ ಸುಖ ನಮಗುಂಟು. ಓದು ಬಾರದವರಿಗೆ ಅದೇ ಪುಸ್ತಕ. ಪುಟ ತಿರುಗಿಸಿ ನಿಜ ಹೌದೋ ಅಲ್ಲವೋ ನೋಡುವ ದಾರಿ ಅವರಿಗಿಲ್ಲ. ಆದ್ದರಿಂದ ಕಾದಂಬರಿಯನ್ನು ತೆರೆಗೆ ತರುವವರ ಋಣ ಇರುವುದು ಕಾದಂಬರಿಕಾರರಿಗಿಂತ ಹೆಚ್ಚಾಗಿ ಇಂಥ ನೋಡುಗರಿಗೆ.

ಹಾಗೆಂದು ಒಂದಕ್ಷರವೂ ಬದಲಾಗಬಾರದು ಎನ್ನುವವಳಲ್ಲ ನಾನು. ನಮ್ಮ ಕಡೆಯ ತಾಳಮದ್ದಲೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಭಾಗವತರ ಪದ್ಯ ನಾಲ್ಕು ಸಾಲಿನದು, ಅರ್ಥಧಾರಿಯ ಮಾತು ಅರ್ಧ ಗಂಟೆಯದು. ಪದ್ಯದಲ್ಲಿಲ್ಲದ್ದನ್ನು ಆಡಿದನೆಂದು ಯಾರೂ ಎದ್ದು ಹೋಗುವುದಿಲ್ಲ. ಕರ್ಣ ಕರ್ಣನಾಗಿ ಉಳಿಯದಿದ್ದರೆ ಮಾತ್ರ ಸಭೆ ಗುಸುಗುಸು ಎನ್ನುತ್ತದೆ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ 1972ರಲ್ಲಿ 'ನಾಗರಹಾವು' ಮಾಡಿದಾಗ, ತನ್ನ ನಾಗರಹಾವು ಕೇರೆಹಾವಾಯಿತೆಂದು ಕಾದಂಬರಿಕಾರರು ನೊಂದುಕೊಂಡ ಮಾತು ಪ್ರಸಿದ್ಧ. ಊರೆಲ್ಲ ಆ ಚಿತ್ರವನ್ನು ಮೆಚ್ಚಿತು. ಬರೆದವರಿಗೆ ಮಾತ್ರ ತನ್ನ ರಾಮಾಚಾರಿ ಅದರಲ್ಲಿ ಕಾಣಲಿಲ್ಲ. ತ್ರಿವೇಣಿಯವರಿಗೆ ಹಾಗೆ ನೊಂದುಕೊಳ್ಳುವ, ಹಿಗ್ಗುವ ಅವಕಾಶವೂ ಸಿಗಲಿಲ್ಲ. ಅವರು 1963ರಲ್ಲೇ ತೀರಿಕೊಂಡರು. 'ಬೆಳ್ಳಿಮೋಡ', ವಿಧವೆಯ ಮರುಮದುವೆಯ 'ಹಣ್ಣೆಲೆ ಚಿಗುರಿದಾಗ' (1968), 'ಶರಪಂಜರ', 'ಹೂವು ಹಣ್ಣು', ಎಲ್ಲವೂ ತೆರೆಗೆ ಬಂದದ್ದು ಆಮೇಲೆ.

ಮೂರನೆಯ ಇಂದಿರೆ ಕಥೆಯೊಳಗಿನವರಲ್ಲ, ಕಥೆ ಬರೆದವರು: ಘಟ್ಟದ ಮೇಲಿನ ತೀರ್ಥಹಳ್ಳಿಯ ಎಂ.ಕೆ. ಇಂದಿರಾ. ಬಾಲವಿಧವೆಯೊಬ್ಬಳ ದೀರ್ಘ ಬದುಕನ್ನು ಹೇಳುವ 'ಫಣಿಯಮ್ಮ'ವನ್ನು ಅವರು 1976ರಲ್ಲಿ ಪ್ರಕಟಿಸಿದರು. ಪ್ರೇಮಾ ಕಾರಂತರು ಅದನ್ನು ಚಿತ್ರ ಮಾಡಿದರು, ಎಲ್.ವಿ. ಶಾರದಾ ಫಣಿಯಮ್ಮನಾದರು. ಬರೆದವಳೂ ಹೆಣ್ಣು, ನಿರ್ದೇಶಿಸಿದವಳೂ ಹೆಣ್ಣು. ಮನೆಯೊಳಗೇ ಸವೆದ ಜೀವ, ತಾನು ಅನುಭವಿಸಿದ್ದನ್ನು ಇನ್ನೊಬ್ಬ ಹುಡುಗಿ ಅನುಭವಿಸುವುದು ಬೇಡ ಎಂದು ಅವಳ ಪರ ನಿಲ್ಲುವುದನ್ನು ಅಜ್ಜಿ ಕಣ್ಣು ಮಿಟುಕಿಸದೆ ನೋಡಿದರು. ಅಳಲಿಲ್ಲ. ಮುಗಿದ ಮೇಲೆ ನನ್ನ ಕಡೆ ತಿರುಗಿ, "ಇದ್ರಲ್ಲಿ ನಿಂಗೆ ಎಂತದೂ ಸೇರ್ಸುಕೆ ಜಾಗ ಇಲ್ಲ" ಎಂದರು. ಒಂದು ಚಿತ್ರಕ್ಕೆ ಇದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ.

ಅಜ್ಜಿ ಹೋದ ಮೇಲೆ ಬಂದವುಗಳಲ್ಲಿ ಎರಡನ್ನು ಅವರಿಗೆ ತೋರಿಸಬೇಕಿತ್ತು ಅನ್ನಿಸುತ್ತದೆ. ಒಂದು, ಭೈರಪ್ಪನವರ 'ಗೃಹಭಂಗ'. ಗಿರೀಶ ಕಾಸರವಳ್ಳಿಯವರು ಅದನ್ನು ಟಿ.ವಿ. ಧಾರಾವಾಹಿ ಮಾಡಿದಾಗ ಮಾಳವಿಕಾ ನಂಜಮ್ಮನಾಗಿದ್ದರು. ಕೈಲಾಗದ ಗಂಡನ ಶಾನುಭೋಗಿಕೆಯ ಲೆಕ್ಕವನ್ನು ಬರೆದು ಸಂಸಾರ ಹೊತ್ತವಳು ನಂಜಮ್ಮ. "ಅವ್ಳಿಗೆ ಓದುಕೆ ಬತ್ತಾ?" ಎಂಬ ಪ್ರಶ್ನೆಗೆ ಕಡೆಗೂ ಹೌದು ಎನ್ನಬಹುದಿತ್ತು. ಇಂಥ ದೊಡ್ಡ ಕಾದಂಬರಿಗೆ ಧಾರಾವಾಹಿಯೇ ಸರಿ ಎಂಬುದು ನನ್ನ ಮತ. ಬಡತನ ಎರಡೂವರೆ ಗಂಟೆಯಲ್ಲಿ ಮುಗಿಯುವ ಸಂಗತಿಯಲ್ಲ. ದಿನಾ ಬರಬೇಕು, ನಾಳೆಯೂ ಇರಬೇಕು.

ಇನ್ನೊಂದು, ಕಾಸರವಳ್ಳಿಯವರದೇ 'ಗುಲಾಬಿ ಟಾಕೀಸು' (2008). ಮೂಲ ನಮ್ಮ ಕುಂದಾಪುರದ ವೈದೇಹಿಯವರ ಸಣ್ಣಕಥೆ. ಕಥೆಯಲ್ಲಿ ಸಣ್ಣ ಪೇಟೆಗೆ ಟಾಕೀಸು ಬರುತ್ತದೆ. ಚಿತ್ರದಲ್ಲಿ ಕಡಲ ಬದಿಯ ಸೂಲಗಿತ್ತಿಯ ಮನೆಗೆ ಡಿಶ್ ಆಂಟೆನಾ ಸಮೇತ ಟಿ.ವಿ. ಬರುತ್ತದೆ. ಕಾಲ ಬೇರೆ, ಜಾತಿಧರ್ಮದ ಜಗಳ ಬೇರೆ, ಮೀನುಗಾರರ ಪಾಡು ಬೇರೆ. ಇಷ್ಟೆಲ್ಲ ಬದಲಾದರೂ ನನಗೆ ಮೋಸವಾಯಿತು ಅನ್ನಿಸಲಿಲ್ಲ. ಒಂಟಿ ಹೆಂಗಸಿಗೆ ಬೆಳಕಿನ ಆ ಪರದೆ ಎಂದರೆ ಏನು ಎಂಬುದು ಎರಡರಲ್ಲೂ ಉಳಿದಿದೆ. ಉಮಾಶ್ರೀಯವರಿಗೆ ಶ್ರೇಷ್ಠ ನಟಿ ಎಂದು ರಾಷ್ಟ್ರ ಪ್ರಶಸ್ತಿ ಬಂದಾಗ ನನ್ನ ಕಣ್ಣಿಗೆ ಕಂಡದ್ದು ಬಾಗಿಲ ಸಂದಿಯ ಅಜ್ಜಿ.

ಇನ್ನು ನಮ್ಮೂರಿನ ಇಂದಿರಾಬಾಯಿ. ಅವಳನ್ನು ತೆರೆಯ ಮೇಲೆ ನೋಡುವ ಭಾಗ್ಯ ನನಗೆ ಇದುವರೆಗೆ ಬಂದಿಲ್ಲ. ಆದರೆ 1990ರ ಸುಮಾರಿಗೆ, ಬಿ.ಎಡ್. ಮುಗಿಸಿ ಬಂದ ಹೊಸತರಲ್ಲಿ, ಪುಸ್ತಕ ತಂದು ಅಜ್ಜಿಗೆ ಓದಿ ಹೇಳಿದೆ. ಅವರಿಗೆ ಆಗ ಎಂಬತ್ತು ದಾಟಿತ್ತು. ಹಳೆಯ ಕನ್ನಡ, ಉದ್ದುದ್ದ ವಾಕ್ಯ. ಈ ಸಲ ಒಂದು ಸಾಲನ್ನೂ ನುಂಗಲಿಲ್ಲ, ಸೇರಿಸಲೂ ಇಲ್ಲ. ಇಂದಿರೆ ಅಕ್ಷರ ಕಲಿಯುವಲ್ಲಿ ಅಜ್ಜಿ ಇನ್ನೊಮ್ಮೆ ಓದಿಸಿದರು. ಮದುವೆಯ ಭಾಗ ಬಂದಾಗ ಮಾತ್ರ ಕೈ ಎತ್ತಿ ತಡೆದರು.

"ಇದ್ ನಿನ್ ಮದಿಯಾ, ಪುಸ್ತಕದ್ ಮದಿಯಾ?"

ಪುಸ್ತಕದ್ದೇ ಎಂದು ಎಷ್ಟು ಹೇಳಿದರೂ ನಂಬಲಿಲ್ಲ. ಪಕ್ಕದ ಮನೆಯ ಐದನೇ ಕ್ಲಾಸಿನ ಹುಡುಗನನ್ನು ಕರೆಸಿ ಅದೇ ಪುಟ ಓದಿಸಿದರು. ಅವನು ತಡವರಿಸುತ್ತಾ ಬೆರಳಿಟ್ಟು ಓದಿದ. ಮದುವೆ ಅಲ್ಲೇ ಇತ್ತು. ಮೇಷ್ಟ್ರಮ್ಮನಾಗಿದ್ದ ನಾನು ತಲೆ ತಗ್ಗಿಸಿ ಕುಳಿತಿದ್ದೆ.

ಅಜ್ಜಿ ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ ಪುಸ್ತಕ ಯಾವಾಗಿನದು ಎಂದು ಕೇಳಿದರು. ನೀವು ಹುಟ್ಟುವುದಕ್ಕೂ ಮೊದಲಿನದು, ನಮ್ಮ ಊರಿನ ಹೆಸರಿನವರೇ ಬರೆದದ್ದು ಎಂದೆ.

"ನಾ ಹುಟ್ಟುಕೆ ಮೊದ್ಲೇ ಇತ್ತಾ?" ಎಂದರು. ಮತ್ತೆ ಬತ್ತಿಯ ಹತ್ತಿಯನ್ನು ಕೈಗೆತ್ತಿಕೊಂಡು, "ಯಾರೂ ಓದಿ ಹೇಳ್ಲಿಲ್ಲ" ಎಂದರು.