ಝೀರೋ ಡ್ರಾಪ್ ಶೂ

ಹಿಮ್ಮಡಿಯ ಕೆಳಗೂ ಬೆರಳಬುಡದ ಕೆಳಗೂ ಅಟ್ಟೆಯ ದಪ್ಪ ಒಂದೇ ಇರುವ ಓಟದ ಶೂ. ಹಿಮ್ಮಡಿಯಿಂದ ಮುಂಗಾಲಿಗೆ ಪಾದ ಎಷ್ಟು ಇಳಿಯುತ್ತದೆ ಎಂಬ ಲೆಕ್ಕವೇ ಡ್ರಾಪ್. ಅದನ್ನು ಮಿಲಿಮೀಟರಿನಲ್ಲಿ ಅಳೆಯುತ್ತಾರೆ. ಹಿಂದೆ 32 ಮಿ.ಮೀ., ಮುಂದೆ 22 ಮಿ.ಮೀ. ದಪ್ಪವಿದ್ದರೆ ಡ್ರಾಪ್ 10. ಎರಡು ಕಡೆಯೂ 25 ಇದ್ದರೆ ಸೊನ್ನೆ. ಅಂಗಡಿಗಳಲ್ಲಿ ಸಿಗುವ ಮಾಮೂಲಿ ಓಟದ ಶೂಗಳ ಡ್ರಾಪ್ ಹೆಚ್ಚಾಗಿ 8ರಿಂದ 12ರವರೆಗೆ ಇರುತ್ತದೆ. ಕೊಳ್ಳುವವರು ಇಲ್ಲಿ ಒಂದು ಗೊಂದಲಕ್ಕೆ ಬೀಳುತ್ತಾರೆ: ಝೀರೋ ಡ್ರಾಪ್ ಎಂದರೆ ತೆಳು ಅಟ್ಟೆ ಎಂದುಕೊಳ್ಳುತ್ತಾರೆ. ಅಟ್ಟೆ 5 ಮಿ.ಮೀ. ಇದ್ದರೂ 30 ಮಿ.ಮೀ. ಇದ್ದರೂ ಹಿಂದುಮುಂದು ಸಮವಾಗಿದ್ದರೆ ಅದು ಝೀರೋ ಡ್ರಾಪೇ. ಮೆತ್ತನೆಯ ಶೂ ಬೇಕು, ಆದರೆ ಹಿಮ್ಮಡಿ ಎತ್ತರವಾಗಿರಬಾರದು ಎನ್ನುವವರಿಗೂ ಇದರಲ್ಲಿ ಜಾಗವಿದೆ.

ಹೆಸರು ಹೊಸದು, ವಸ್ತು ಹೊಸದಲ್ಲ. ಚಾಮರಾಜನಗರ ಜಿಲ್ಲೆ ಹನೂರು ತಾಲ್ಲೂಕಿನ ಒಡೆಯರಪಾಳ್ಯದ ಸುತ್ತಿನ ಊರುಗಳನ್ನೇ ನೋಡಬಹುದು. ಒಂದು ಮಗ್ಗುಲಿಗೆ ಬಿಳಿಗಿರಿರಂಗನ ಬೆಟ್ಟದ ಕಾಡು, ಇನ್ನೊಂದು ಮಗ್ಗುಲಿಗೆ ಮಲೆ ಮಹದೇಶ್ವರ ಬೆಟ್ಟದ ಕಾಡು. ಇಲ್ಲಿನ ಸೋಲಿಗ ಬುಡಕಟ್ಟಿನವರು, ಬೇಸಾಯಗಾರರು ತಲೆಮಾರುಗಳಿಂದ ಬರಿಗಾಲಿನಲ್ಲಿ ನಡೆದವರು. ಹಾಕಿದರೂ ಹಳೆಯ ಟೈರು ಕೊಯ್ದು ಮಾಡಿದ ಎಕ್ಕಡ. ಟೈರಿನ ತುಂಡು ಹಿಂದಿನಿಂದ ಮುಂದಿನವರೆಗೆ ಒಂದೇ ದಪ್ಪ, ಹಾಗಾಗಿ ಅದು ಅಪ್ಪಟ ಸಮ ಅಟ್ಟೆ. 1970ರ ದಶಕದಲ್ಲಿ ಇಲ್ಲಿ ನೆಲೆಗೊಂಡ ಧೊಂಡೆನ್‌ಲಿಂಗ್ ಟಿಬೆಟನ್ ಕ್ಯಾಂಪಿನ ಹಿರಿಯರು ಬಾಲ್ಯದಲ್ಲಿ ಕಂಡ ಟಿಬೆಟ್ಟಿನ ಬೂಟುಗಳಿಗೂ ಎತ್ತರದ ಹಿಮ್ಮಡಿ ಇರಲಿಲ್ಲ. ಜಪಮಾಲೆ ಎಣಿಸುತ್ತ ಮಂದಿರಕ್ಕೆ ಪ್ರದಕ್ಷಿಣೆ ಬರುವುದು ಅವರ ಪದ್ಧತಿ. ಅವರ ವಯಸ್ಸಿನವರಿಗೆ ಅದೇ ಒಳ್ಳೆಯ ನಡಿಗೆ ವ್ಯಾಯಾಮ. ಇನ್ನು ಮಾದಪ್ಪನ, ಅಂದರೆ ಮಲೆ ಮಹದೇಶ್ವರನ, ಪಾದಯಾತ್ರೆ: ಶಿವರಾತ್ರಿ, ಯುಗಾದಿ, ದೀಪಾವಳಿ ಬಂತೆಂದರೆ ಕೊಳ್ಳೇಗಾಲ, ಹನೂರು, ಕೌದಳ್ಳಿ, ತಾಳುಬೆಟ್ಟದ ದಾರಿಯುದ್ದಕ್ಕೂ ಜನ ಸಾಲುಗಟ್ಟಿ ನಡೆಯುತ್ತಾರೆ. ಕೊಳ್ಳೇಗಾಲದಿಂದ ಬೆಟ್ಟಕ್ಕೆ ಹತ್ತಿರ ಹತ್ತಿರ 80 ಕಿ.ಮೀ. ಹರಕೆ ಹೊತ್ತವರದು ಬರಿಗಾಲು. ಕರ್ನಾಟಕದಲ್ಲಿ ರಸ್ತೆಯ ಮೇಲೆ ದೂರ ನಡೆಯುವವರಲ್ಲಿ ಇಂಥ ಪಾದಯಾತ್ರಿಗಳೂ ಇದ್ದಾರೆ. ಶೂ ಆರಿಸುವ ಮಾತು ನಗರದ ಮ್ಯಾರಥಾನಿಗರಿಗಷ್ಟೇ ಸಂಬಂಧಿಸಿದ್ದಲ್ಲ ಎಂದು ಒತ್ತಿ ಹೇಳಬೇಕಾದದ್ದು ಅದಕ್ಕೇ.

ಓಟದ ಶೂಗೆ ಎತ್ತರದ ಹಿಮ್ಮಡಿ ಬಂದದ್ದು ಈಚೆಗೆ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಇಥಿಯೋಪಿಯದ ಅಬೆಬೆ ಬಿಕಿಲ ಬರಿಗಾಲಿನಲ್ಲೇ ಮ್ಯಾರಥಾನ್ ಗೆದ್ದ. ಆ ಕಾಲದ ಓಟದ ಶೂಗಳು ತೆಳ್ಳಗೆ, ಬಹುಮಟ್ಟಿಗೆ ಚಪ್ಪಟೆಯಾಗಿದ್ದವು. 1970ರ ದಶಕದಲ್ಲಿ ಅಮೆರಿಕದಲ್ಲಿ ಜಾಗಿಂಗ್ ಹಬ್ಬಿದಾಗ ಹಿಮ್ಮಡಿಯ ಕೆಳಗೆ ಫೋಮ್ ಬೆಳೆಯಿತು. ಅದಕ್ಕೆ ಎದುರು ಗಾಳಿ ಬೀಸಿದ್ದು 2009–10ರಲ್ಲಿ: ಕ್ರಿಸ್ಟೊಫರ್ ಮ್ಯಾಕ್‌ಡೂಗಲ್ ಅವರ ‘ಬಾರ್ನ್ ಟು ರನ್’ ಪುಸ್ತಕ 2009ರಲ್ಲಿ ಬಂತು, ಮರುವರ್ಷ ಹಾರ್ವರ್ಡಿನ ಡೇನಿಯಲ್ ಲೀಬರ್‌ಮನ್ ಬರಿಗಾಲ ಓಟಗಾರರು ನೆಲ ಮುಟ್ಟುವ ಬಗೆಯ ಅಧ್ಯಯನ ಪ್ರಕಟಿಸಿದರು. ಯೂಟಾ ರಾಜ್ಯದ ಓರೆಮ್ ಪಟ್ಟಣದಲ್ಲಿ ತಂದೆಯ ಶೂ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಗೋಲ್ಡನ್ ಹಾರ್ಪರ್ ಮಾಮೂಲಿ ಶೂಗಳನ್ನು ಪುಟ್ಟ ಓವನ್ನಿನಲ್ಲಿ ಕಾಯಿಸಿ, ಅಂಟು ಬಿಡಿಸಿ, ಹಿಮ್ಮಡಿಯ ಹೆಚ್ಚುವರಿ ಫೋಮ್ ತೆಗೆದು ಮತ್ತೆ ಅಂಟಿಸಿ ನೋಡಿದ. ಮುಂದೆ ಆಲ್ಟ್ರಾ ಕಂಪನಿ ಹುಟ್ಟಿದ್ದು ಆ ಪ್ರಯೋಗದಿಂದ.

ಡ್ರಾಪ್ ಬದಲಾದರೆ ಕಾಲಿನಲ್ಲಿ ಬದಲಾಗುವುದು ಹೊರೆ ಬೀಳುವ ಜಾಗ. ಹಿಮ್ಮಡಿ ಎತ್ತರವಾಗಿದ್ದಾಗ ಮೀನಖಂಡ ಮತ್ತು ಅದನ್ನು ಹಿಮ್ಮಡಿಗೆ ಬಿಗಿದಿರುವ ಅಕಿಲಿಸ್ ಸ್ನಾಯುರಜ್ಜು ಪೂರ್ತಿ ಚಾಚಬೇಕಾಗಿಲ್ಲ. ವರ್ಷಗಟ್ಟಲೆ ಹಾಗೇ ನಡೆದವರಿಗೆ ಅವು ಬಿಗಿಯಾಗಿಬಿಡುತ್ತವೆ. ಚಪ್ಪಟೆ ಶೂ ಹಾಕಿದೊಡನೆ ಹಿಮ್ಮಡಿ ಕೆಳಗಿಳಿಯುತ್ತದೆ, ಹರಡು ಹೆಚ್ಚು ಬಾಗಬೇಕಾಗುತ್ತದೆ, ಮೀನಖಂಡದ ಕೆಲಸ ಏರುತ್ತದೆ. ಮಂಡಿಯ ಮೇಲಿನ ಹೊರೆ ಸ್ವಲ್ಪ ಇಳಿಯುತ್ತದೆ. ಮಂಡಿ ನೋವಿನವರಿಗೆ ಇದರಿಂದ ಹಾಯೆನಿಸಬಹುದು, ಹಿಮ್ಮಡಿಯ ಹಿಂದಿನ ಸ್ನಾಯುರಜ್ಜು ಎಳೆಯುವವರಿಗೆ ಕೆಡುಕಾಗಬಹುದು. ನಡಿಗೆಯಲ್ಲಿ ಈ ಬದಲಾವಣೆ ಮೆಲ್ಲಗಿರುತ್ತದೆ. ಬರಿಗಾಲಿದ್ದರೂ ಶೂ ಇದ್ದರೂ ನಡೆಯುವಾಗ ಮೊದಲು ನೆಲ ಮುಟ್ಟುವುದು ಹಿಮ್ಮಡಿಯೇ. ಓಟದಲ್ಲಿ ಪ್ರತಿ ಹೆಜ್ಜೆಗೂ ಮೈತೂಕದ ಎರಡು ಮೂರು ಪಟ್ಟು ಬಲ ಕಾಲಿಗೆ ಬೀಳುವುದರಿಂದ ತಪ್ಪು ಆಯ್ಕೆ ಬೇಗ ನೋವಾಗಿ ಹೊರಬೀಳುತ್ತದೆ. ಚಪ್ಪಟೆ ಶೂ ಹಾಕಿದವರೆಲ್ಲ ತಾವಾಗಿಯೇ ಮುಂಗಾಲಿನಲ್ಲಿ ಓಡುತ್ತಾರೆ ಎಂಬ ನಂಬಿಕೆಯೂ ಸರಿಯಲ್ಲ. ಉತ್ತರ ಕೆನ್ಯಾದ ಬರಿಗಾಲಿನ ದಾಸಾನಚ್ ಜನ ನಿಧಾನ ಓಟದಲ್ಲಿ ಹೆಚ್ಚಾಗಿ ಹಿಮ್ಮಡಿಯನ್ನೇ ಊರುತ್ತಾರೆಂದು 2013ರ ಅಧ್ಯಯನವೊಂದು ತೋರಿಸಿತು.

ಪಾದ ಮತ್ತು ಪಾದರಕ್ಷೆಯ ಸಂಬಂಧದ ಬಗ್ಗೆ ಜಗತ್ತು ಇಂದಿಗೂ ಉಲ್ಲೇಖಿಸುವ ಒಂದು ಅಧ್ಯಯನ ಕನ್ನಡ ನಾಡಿನ ಕರಾವಳಿಯದು. ಕಸ್ತೂರಬಾ ವೈದ್ಯಕೀಯ ಕಾಲೇಜಿನ ಉದಯ ಭಾಸ್ಕರ ರಾವ್ ಮತ್ತು ಬೆಂಜಮಿನ್ ಜೋಸೆಫ್ 2,300 ಮಕ್ಕಳ ಪಾದದ ಅಚ್ಚು ತೆಗೆದು 1992ರಲ್ಲಿ ಫಲಿತಾಂಶ ಪ್ರಕಟಿಸಿದರು. ಪಾದರಕ್ಷೆ ಹಾಕುತ್ತಿದ್ದ ಮಕ್ಕಳಲ್ಲಿ ಚಪ್ಪಟೆ ಪಾದ ಶೇ. 8.6, ಬರಿಗಾಲಿನ ಮಕ್ಕಳಲ್ಲಿ ಶೇ. 2.8. ಮುಂದೆ ಮುಚ್ಚಿದ ಶೂ ಹಾಕಿದವರಲ್ಲಿ ಇದು ಎಲ್ಲರಿಗಿಂತ ಹೆಚ್ಚು. ಚಪ್ಪಲಿಯವರಲ್ಲಿ ಅದಕ್ಕಿಂತ ಕಡಿಮೆ. ಬೆಲ್ಜಿಯಂನ ಸಂಶೋಧಕರು ಭಾರತದ ಬರಿಗಾಲಿಗರನ್ನು ಅಳೆದು 2009ರಲ್ಲಿ ಹೇಳಿದ್ದು, ಅವರ ಮುಂಗಾಲು ಅಗಲ, ಅಂಗಾಲಿನ ಮೇಲೆ ಒತ್ತಡ ಹೆಚ್ಚು ಸಮನಾಗಿ ಹಂಚಿಹೋಗುತ್ತದೆ ಎಂದು. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021–22ರಲ್ಲಿ ದೇಶದಾದ್ಯಂತ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆಸಿ, ನಮ್ಮವರ ಪಾದ ಯುರೋಪ್, ಅಮೆರಿಕದವರ ಪಾದಕ್ಕಿಂತ ಅಗಲವೆಂದು ಕಂಡು, ‘ಭಾ’ ಎಂಬ ಭಾರತೀಯ ಅಳತೆ ಪದ್ಧತಿಯನ್ನು ಸೂಚಿಸಿತು. ನಮ್ಮಲ್ಲಿ ಅನೇಕರು ಅಗಲ ಸಾಲದೆ ಒಂದು ನಂಬರು ಉದ್ದದ ಶೂ ಕೊಂಡು, ಹಿಮ್ಮಡಿ ಸಡಿಲವಾಗಿ, ಬೊಬ್ಬೆ ಎಬ್ಬಿಸಿಕೊಳ್ಳುತ್ತಾರೆ. ಝೀರೋ ಡ್ರಾಪ್ ಶೂಗಳಲ್ಲಿ ಹಲವು ಬೆರಳು ಹರಡಿಕೊಳ್ಳುವಷ್ಟು ಮುಂಭಾಗ ಅಗಲವಾಗಿಯೇ ಬರುತ್ತವೆ. ಈ ಸೀಮೆಯ ಪಾದಕ್ಕೆ ಅವುಗಳ ದೊಡ್ಡ ಗುಣ ಅದೇ ಎನ್ನಬೇಕು, ಸೊನ್ನೆ ಡ್ರಾಪ್ ಎರಡನೆಯದು.

ಅಗಲದ ನಂತರ ನೋಡಬೇಕಾದದ್ದು ಆಧಾರ. ಆಧಾರ ಕೊಡುವ ಶೂ ಎಂದರೆ ಅಂಗಾಲಿನ ಕಮಾನಿಗೆ ಒಂದು ದಿಬ್ಬ ಇಟ್ಟ ಶೂ ಎಂದು ತಿಳಿಯುವುದು ವಾಡಿಕೆ. ದಿಬ್ಬಕ್ಕಿಂತ ಮುಖ್ಯವಾದವು ಬೇರೆ: ನೆಲಕ್ಕೂರುವ ಅಟ್ಟೆ ಅಗಲವಾಗಿರಬೇಕು, ಹಿಮ್ಮಡಿ ಸುತ್ತಿನ ಬಟ್ಟಲು ಹೆಬ್ಬೆರಳಿನಿಂದ ಒತ್ತಿದರೆ ತಟ್ಟನೆ ಕುಸಿಯಬಾರದು, ಹಿಂದುಮುಂದು ಹಿಡಿದು ಒದ್ದೆ ಬಟ್ಟೆಯಂತೆ ತಿರುಚಿದರೆ ಶೂ ಸುಲಭವಾಗಿ ತಿರುಗಬಾರದು, ಮಡಚಿದರೆ ಬೆರಳಬುಡದಲ್ಲಿ ಮಡಚಬೇಕು, ನಡುಮಧ್ಯದಲ್ಲಲ್ಲ. ಆಲ್ಟ್ರಾದ ಪ್ರಾವಿಷನ್, ಪ್ಯಾರಡೈಮ್ ಶೂಗಳಲ್ಲಿ ಗೈಡ್‌ರೇಲ್ ಎಂಬ ಅಂಚುಗಟ್ಟು ಇದೆ. ಪಾದ ಒಳಕ್ಕೆ ಮಿತಿ ಮೀರಿ ವಾಲಿದಾಗ ಮಾತ್ರ ಅದು ತಡೆಯುತ್ತದೆ. ಟೋಪೊ ಕಂಪನಿಯ ಶೂಗಳೂ ಮುಂದೆ ಅಗಲವೇ, ಆದರೆ ಅವುಗಳಲ್ಲಿ 3 ಮತ್ತು 5 ಮಿ.ಮೀ. ಡ್ರಾಪಿನವೂ ಇವೆ, ವಿವರ ಓದಿಯೇ ಕೊಳ್ಳಬೇಕು. ಪಾದದ ಕಮಾನು ನೋಡಿ ಶೂ ಹಂಚಿದರೆ ಗಾಯ ಕಡಿಮೆಯಾಗುತ್ತದೆಯೇ ಎಂದು ಅಮೆರಿಕದ ಸೇನಾ ತರಬೇತಿ ಶಿಬಿರಗಳಲ್ಲಿ ಜೋಸೆಫ್ ನಾಪಿಕ್ ಮತ್ತು ಸಂಗಡಿಗರು ಪರೀಕ್ಷಿಸಿದರು. ಅಂಥ ಲಾಭ ಕಾಣಲಿಲ್ಲ. ಆದ್ದರಿಂದ ನಿಮ್ಮದು ಚಪ್ಪಟೆ ಪಾದ, ಇದೇ ಶೂ ಬೇಕು ಎನ್ನುವ ಅಂಗಡಿಯವನ ಮಾತಿಗಿಂತ ಹತ್ತು ನಿಮಿಷ ಹಾಕಿ ನಡೆದಾಗ ಕಾಲು ಹೇಳುವ ಮಾತಿಗೆ ಹೆಚ್ಚು ಬೆಲೆ.

ಡ್ರಾಪಿನ ಬಗ್ಗೆಯೂ ಒಂದು ಗಟ್ಟಿ ಪ್ರಯೋಗ ನಡೆದಿದೆ. ಲಕ್ಸೆಂಬರ್ಗ್‌ನಲ್ಲಿ 553 ಹವ್ಯಾಸಿ ಓಟಗಾರರಿಗೆ 10, 6 ಮತ್ತು 0 ಮಿ.ಮೀ. ಡ್ರಾಪಿನ ಶೂಗಳನ್ನು ಹಂಚಿ ಆರು ತಿಂಗಳು ಗಮನಿಸಿದರು; ಫಲಿತಾಂಶ 2016ರಲ್ಲಿ ಹೊರಬಂತು. ಒಟ್ಟಾರೆ ಗಾಯದಲ್ಲಿ ಮೂರೂ ಗುಂಪಿಗೆ ವ್ಯತ್ಯಾಸವಿರಲಿಲ್ಲ. ಅಪರೂಪಕ್ಕೆ ಓಡುವವರಿಗೆ ಕಡಿಮೆ ಡ್ರಾಪ್ ಒಳ್ಳೆಯದಾಯಿತು, ನಿಯಮಿತವಾಗಿ ಓಡುವ ರೂಢಿಯವರಿಗೆ ಅದೇ ಗಾಯದ ಅಪಾಯ ಹೆಚ್ಚಿಸಿತು. ಹಳೆಯ ಶೂಗೆ ಒಗ್ಗಿದ ಕಾಲು ಹೊಸದಕ್ಕೆ ಒಗ್ಗಲು ತಡ ಮಾಡುತ್ತದೆ ಎಂಬುದು ಇದಕ್ಕೆ ಕಾರಣವಿರಬಹುದು. ತೆಳು ಅಟ್ಟೆಯ ಐದು ಬೆರಳಿನ ಶೂಗೆ ಹತ್ತು ವಾರದಲ್ಲಿ ಬದಲಾದ ಓಟಗಾರರ ಪಾದದ ಎಲುಬಿನೊಳಗೆ ಊತ ಕಂಡದ್ದು 2013ರ ಇನ್ನೊಂದು ಪ್ರಯೋಗದಲ್ಲಿ.

ಕೊಳ್ಳುವ ದಿನ ಸಂಜೆ ಹೊತ್ತು ಹೋಗುವುದು ಒಳ್ಳೆಯದು. ಆಗ ಪಾದ ಊದಿರುತ್ತದೆ. ಮನೆಯಲ್ಲೇ ಹಳೆಯ ದಿನಪತ್ರಿಕೆಯ ಮೇಲೆ ನಿಂತು, ಮೈಭಾರ ಪೂರ್ತಿ ಹಾಕಿ, ಪೆನ್ಸಿಲ್ ನೆಟ್ಟಗೆ ಹಿಡಿದು ಎರಡೂ ಪಾದಗಳ ಸುತ್ತ ಗೆರೆ ಎಳೆದುಕೊಂಡು ಹೋಗಬೇಕು. ಎರಡು ಪಾದ ಒಂದೇ ಅಳತೆ ಇರುವುದು ಅಪರೂಪ, ದೊಡ್ಡದಕ್ಕೆ ಶೂ. ಅಂಗಡಿಯಲ್ಲಿ ಶೂ ಒಳಗಿನ ಹಾಸು ತೆಗೆದು ಆ ಗೆರೆಯ ಮೇಲಿಟ್ಟರೆ ಸತ್ಯ ಕಾಣುತ್ತದೆ: ಕಿರುಬೆರಳು ಹಾಸಿನಿಂದ ಆಚೆ ಚಾಚಿದ್ದರೆ ಆ ಶೂ ಆಣಿ ಕಟ್ಟಿಸುತ್ತದೆ, ಎಷ್ಟೇ ಅಗ್ಗವಿರಲಿ ಬಿಡಬೇಕು. ಹೆಬ್ಬೆರಳ ಮುಂದೆ ಒಂದು ಹೆಬ್ಬೆಟ್ಟಿನ ಅಗಲ ಜಾಗವಿರಲಿ. ಅಟ್ಟೆಯನ್ನು ಹೊರಗಿನಿಂದ ನೋಡಿ ಡ್ರಾಪ್ ಅಂದಾಜಿಸಬಾರದು. ಹಿಮ್ಮಡಿ ಬಳಿ ಫೋಮಿನ ಅಂಚು ಮೇಲೆದ್ದು ಪಾದವನ್ನು ಒಳಗೆ ಕೂರಿಸಿಕೊಂಡಿರುತ್ತದೆ, ಹೊರಗೆ ಎತ್ತರ ಕಂಡರೂ ಒಳಗೆ ಸಮವಿರಬಹುದು. ಹಿಮ್ಮಡಿ ದಪ್ಪಗಿರುವ ಬೇರೆ ಹಾಸು ತಂದು ಹಾಕಿದರೆ ಝೀರೋ ಡ್ರಾಪ್ ಅಲ್ಲಿಗೇ ಮುಗಿಯಿತು.

ಬದಲಾವಣೆ ನಿಧಾನವಾಗಿರಬೇಕು. ಮೊದಲ ಎರಡು ವಾರ ಮನೆಯೊಳಗೆ, ಸಂತೆಗೆ, ಹೊಲದ ಬದಿಗೆ ನಡೆಯಲು ಮಾತ್ರ. ಆಮೇಲೆ ಓಟದ ಒಂದು ಸಣ್ಣ ಪಾಲು. ಪೂರ್ತಿ ಬದಲಾಗಲು ಎರಡು ಮೂರು ತಿಂಗಳಾದರೂ ಬೇಕು. ಮೆಟ್ಟಿಲಂಚಿನಲ್ಲಿ ಬೆರಳೂರಿ ನಿಂತು ಹಿಮ್ಮಡಿಯನ್ನು ಮೆಲ್ಲಗೆ ಇಳಿಸಿ ಎತ್ತುವ ವ್ಯಾಯಾಮ ಮೀನಖಂಡವನ್ನು ಸಿದ್ಧಗೊಳಿಸುತ್ತದೆ. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆಗೇ ಹಿಮ್ಮಡಿ ಚುಚ್ಚಿದರೆ ಹಳೆಯ ಶೂಗೆ ಹಿಂದಿರುಗಬೇಕು. ಮಧುಮೇಹದಿಂದ ಅಂಗಾಲಿನ ಸ್ಪರ್ಶ ಕಡಿಮೆಯಾದವರು ವೈದ್ಯರನ್ನು ಕೇಳದೆ ತೆಳು ಅಟ್ಟೆಗೆ ಇಳಿಯಬಾರದು. ಬಾಲ್ಯದಿಂದ ಬರಿಗಾಲಲ್ಲಿ ನಡೆದವರಿಗೆ ಈ ಕಾಯುವಿಕೆ ಅಷ್ಟಾಗಿ ಬೇಕಿಲ್ಲ, ಅವರ ಹಿಮ್ಮಡಿ ಎಂದೂ ಎತ್ತರಕ್ಕೆ ಏರಿದ್ದೇ ಇಲ್ಲ. ಅದೇ ಮನೆಯ ಮಗ ಬೆಂಗಳೂರಿನಲ್ಲಿ ಹತ್ತು ವರ್ಷ ಆಫೀಸಿನ ಶೂ ಹಾಕಿ, ಶಿವರಾತ್ರಿಗೆ ಊರಿಗೆ ಬಂದು ಹರಕೆಗೆಂದು ನಡೆದರೆ ಕೌದಳ್ಳಿ ತಲಪುವ ಮೊದಲೇ ಮೀನಖಂಡ ಹಿಡಿದುಕೊಳ್ಳುತ್ತದೆ.

ಪಾದಯಾತ್ರೆಗೆಂದೇ ಶೂ ಕೊಳ್ಳುವವರು ಹಿಂದಿನ ದಿನ ಕೊಳ್ಳಬಾರದು. ಕಡೇಪಕ್ಷ ಒಂದು ತಿಂಗಳು ಹಾಕಿ ಪಳಗಿಸಿರಬೇಕು. ಡಾಂಬರು ರಸ್ತೆ ನಡುವೆ ಉಬ್ಬಿ ಅಂಚಿಗೆ ಇಳಿಜಾರಾಗಿರುತ್ತದೆ, ಒಂದೇ ಅಂಚಿನಲ್ಲಿ ಗಂಟೆಗಟ್ಟಲೆ ನಡೆದರೆ ಒಂದು ಪಾದ ಸದಾ ಕೆಳಗಿರುತ್ತದೆ; ವಾಹನವಿಲ್ಲದಾಗ ಬದಿ ಬದಲಿಸುವುದು ಲೇಸು. ಸುಗ್ಗಿಯಲ್ಲಿ ಮುಸುಕಿನ ಜೋಳ, ರಾಗಿ ಹರಡಿದ ರಸ್ತೆಯಲ್ಲಿ ನಯವಾದ ಅಟ್ಟೆ ಜಾರುತ್ತದೆ, ತಳದಲ್ಲಿ ಗೀರುಗಳಿರುವ ರಬ್ಬರು ಬೇಕು. ಕಾಡಿನ ದಾರಿಯಲ್ಲಿ ನಸುಕಿಗೆ, ಮುಸ್ಸಂಜೆಗೆ ಓಡಲೇಬಾರದು. ಅದು ಆನೆಗಳ ಹೊತ್ತು. ಬೆಟ್ಟ ಇಳಿಯುವಾಗ ಪಾದ ಮುಂದಕ್ಕೆ ಜಾರಿ ಉಗುರು ಕಪ್ಪಾಗುತ್ತದೆ. ಅದಕ್ಕೆ ತಾಳುಬೆಟ್ಟದ ಕಡೆ ಇಳಿಯಲು ಹೊರಡುವ ಮುನ್ನ ಲೇಸನ್ನು ಬಿಚ್ಚಿ, ಮೇಲಿನ ಕೊನೆಯ ತೂತುಗಳಲ್ಲಿ ಒಂದೊಂದು ಕುಣಿಕೆ ಮಾಡಿ, ಎದುರಿನ ಲೇಸನ್ನು ಆ ಕುಣಿಕೆಯೊಳಗೆ ಹಾಯಿಸಿ, ಹಿಮ್ಮಡಿ ಹಿಂದಕ್ಕೆ ಕುಟ್ಟಿ ಕೂರಿಸಿ ಬಿಗಿದುಕೊಳ್ಳಬೇಕು.