ಪೋಟ್ಲಿಯೊಳಗಿನ ಜಾವಾ

ಜೋಳದ ಪಲಾವಿಗೆ ಲೆಮನ್‌ಗ್ರಾಸ್ ಹಾಕಿದರೆ ಅದು ‘ಫ್ಯೂಷನ್’. ಮೆನುವಿನಲ್ಲಿ ಅದರ ಹೆಸರು ‘ಪಿಲಾಫ್’ ಆಗುತ್ತೆ, ರೇಟೂ ಏರುತ್ತೆ. ಅಕ್ಕಿ ಪಲಾವಿಗೆ ಲವಂಗ ಹಾಕಿದರೆ ಮಾತ್ರ ಅದು ಬರೀ ಪಲಾವು, ಯಾರೂ ಏನೂ ಅನ್ನೋದಿಲ್ಲ. ಆದರೆ ಲವಂಗ ಬಂದದ್ದೂ ಆ ಪೂರ್ವ ದಿಕ್ಕಿನಿಂದಲೇ, ಅದೂ ಥಾಯ್ಲೆಂಡಿಗಿಂತ ಬಹಳ ದೂರದಿಂದ. ಇವತ್ತಿನ ಇಂಡೋನೇಷ್ಯಾದ ಪೂರ್ವದಲ್ಲಿ ಮಲುಕು ಅನ್ನೋ ದ್ವೀಪಗಳಿವೆ. ಲವಂಗ ಅಲ್ಲಿನ ಟರ್ನಾಟೆ, ಟಿಡೋರೆಯಂಥ ಪುಟ್ಟ ದ್ವೀಪಗಳ ಗಿಡ. ಜಾಯಿಕಾಯಿ, ಜಾಪತ್ರೆ ಎರಡೂ ಬಾಂಡಾ ದ್ವೀಪಗಳ ಒಂದೇ ಹಣ್ಣಿನ ಬೀಜ ಮತ್ತು ಅದರ ಹೊದಿಕೆ. 1770ರಲ್ಲಿ ಫ್ರೆಂಚರು ಸಸಿಗಳನ್ನು ಕದ್ದು ಮಾರಿಷಸ್ಸಿಗೆ ಒಯ್ದರು. ಭಾರತದಲ್ಲಿ ಲವಂಗದ ಗಿಡ ಊರಿದ್ದು 1800ರ ಸುಮಾರಿಗೆ, ತಮಿಳುನಾಡಿನ ಕುರ್ತಾಲದಲ್ಲಿ. ಅಂದರೆ ಅದಕ್ಕೂ ಮೊದಲು ನಮ್ಮ ಯಾವ ಅಡುಗೆಮನೆಯ ಲವಂಗವೇ ಆಗಲಿ, ಹಡಗು ಹತ್ತಿಯೇ ಬಂದದ್ದು.

ನನ್ನೂರು ಠಾಣಾ ಕುಶನೂರ. ಬೀದರ್ ಜಿಲ್ಲೆ, ಮೊದಲು ಔರಾದ್ ತಾಲ್ಲೂಕು, ಈಗ ಕಮಲನಗರ. ಸಮುದ್ರ ಬಿಡಿ, ನಮ್ಮ ಕಡೆ ಭತ್ತದ ಗದ್ದೆ ನೋಡೋದೂ ಅಪರೂಪ. ಹೊಲ ಅಂದರೆ ತೊಗರಿ, ಉದ್ದು, ಹೆಸರು, ಕಡಲೆ, ಜೋಳ. ಆದರೂ ಮದುವೆ ಊಟಕ್ಕೆ ಪಲಾವು ಬೇಕೇ ಬೇಕು. ಭತ್ತ ಬೆಳೆಯದ ಊರಲ್ಲಿ ಅಕ್ಕಿ, ಸಮುದ್ರ ಕಾಣದ ಊರಲ್ಲಿ ಮಲುಕುವಿನ ಲವಂಗ. ಇದು ಹೆಂಗಾಯ್ತು?

ಒಂದು ಜಾಡು ಬೀದರಿನ ಕೋಟೆಗೆ ಹೋಗುತ್ತೆ. ಬಹಮನಿ ಸುಲ್ತಾನ ಅಹ್ಮದ್ ಶಾಹ ವಲಿ ಹದಿನೈದನೇ ಶತಮಾನದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ. ಆಮೇಲೆ ಇರಾನಿನ ಕಡೆಯಿಂದ ಜನ ಬರುತ್ತಲೇ ಇದ್ದರು. 1472ರಲ್ಲಿ ಮದರಸಾ ಕಟ್ಟಿಸಿದ ಮಂತ್ರಿ ಮಹಮೂದ್ ಗಾವಾನ್ ಕೂಡ ಗಿಲಾನಿನವನು. ಗಿಲಾನ್ ಅಂದರೆ ಕ್ಯಾಸ್ಪಿಯನ್ ಸಮುದ್ರದ ದಂಡೆ, ಇರಾನಿನ ಭತ್ತದ ಕಣಜ. ಪಲಾವಿನ ನಾಡಿನಿಂದ ಬಂದವನು ಜೋಳದ ನಾಡಿನಲ್ಲಿ ಏನು ಉಣ್ಣುತ್ತಿದ್ದನೋ ಅಂತ ಮದರಸಾದ ಮುಂದೆ ನಿಂತಾಗೆಲ್ಲ ನನಗನ್ನಿಸುತ್ತೆ.

ಅದೇ ಕಾಲದಲ್ಲಿ ಬೀದರಿಗೆ ಬಂದಿದ್ದ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್. ತ್ವೇರ್ ಊರಿನವನು, ಮಾರೋಕೆ ಒಂದು ಕುದುರೆ ತಂದಿದ್ದ. ಅವನ ಬರಹದಲ್ಲಿ ಊಟದ ವಿಷಯ ಸಾಕಷ್ಟಿದೆ. ಇಲ್ಲಿನ ಹಿಂದೂಗಳು ಅನ್ನ, ಕಿಚಡಿ, ಸೊಪ್ಪು ತಿಂತಾರೆ, ಬಲಗೈಯಲ್ಲೇ ಉಣ್ತಾರೆ ಅಂತಾನೆ. ಕುದುರೆಗಳಿಗೆ ಕಡಲೆ ಹಾಕ್ತಾರೆ, ಸಕ್ಕರೆ ಮತ್ತು ಜಿಡ್ಡು ಬೆರೆಸಿದ ಕಿಚಡಿ ಬೇಯಿಸಿ ತಿನ್ನಿಸ್ತಾರೆ ಅಂತಲೂ ಬರೀತಾನೆ. ಸರದಾರರು ಭಾರೀ ವೈಭವದಲ್ಲಿದ್ದಾರೆ, ಹಳ್ಳಿಯವರ ಮೈಮೇಲೆ ಬಟ್ಟೆಗೂ ಗತಿಯಿಲ್ಲ ಅನ್ನೋದೂ ಅವನದೇ ಮಾತು. ಕುದುರೆಗೆ ಸಕ್ಕರೆ ಕಿಚಡಿ! ಅದೇ ಹೊತ್ತಿಗೆ ಕುಶನೂರಿನ ಸೀಮೆಯ ರೈತ ಏನು ಉಂಡಿರಬಹುದು ಅಂತ ಊಹಿಸೋದು ಕಷ್ಟವಲ್ಲ. ರೊಟ್ಟಿ, ನುಚ್ಚು, ಅಂಬಲಿ.

ನಿಕಿತಿನ್ ಮಸಾಲೆಗಳ ಪಟ್ಟಿಯನ್ನೂ ಕೊಡ್ತಾನೆ. ಮೆಣಸು, ಶುಂಠಿ, ಜಾಯಿಕಾಯಿ, ಲವಂಗ ಇವೆಲ್ಲ ಕಲ್ಲಿಕೋಟೆಯಲ್ಲಿ ಬೆಳೆಯುತ್ತವಂತೆ. ಮೆಣಸು, ಶುಂಠಿ ಸರಿ. ಲವಂಗ, ಜಾಯಿಕಾಯಿ ಅಲ್ಲಿಗೆ ಮಲಕ್ಕಾ ದಾಟಿ ಬರುತ್ತಿದ್ದವು. ಅರ್ಧ ಜಗತ್ತು ಸುತ್ತಿದ ವ್ಯಾಪಾರಿಗೇ ಲವಂಗದ ತವರು ಗೊತ್ತಿರಲಿಲ್ಲ. ಆಗಲೇ ಅದು ಅಷ್ಟರಮಟ್ಟಿಗೆ ‘ಇಲ್ಲಿಯದೇ’ ಆಗಿಬಿಟ್ಟಿತ್ತು. ಬಹಮನಿಗಳ ಅಡುಗೆ ಪುಸ್ತಕ ನಮಗೆ ಸಿಕ್ಕಿಲ್ಲ. ಆದರೆ 1462ರಲ್ಲಿ ಬೀದರಿಗೆ ಮುತ್ತಿಗೆ ಹಾಕಿದ ಮಾಳವದ ಸುಲ್ತಾನರ ಮನೆಯದು ಉಳಿದಿದೆ. ಮಾಂಡುವಿನಲ್ಲಿ 1500ರ ಆಸುಪಾಸಿನಲ್ಲಿ ಸಿದ್ಧವಾದ ‘ನಿಅಮತ್‌ನಾಮಾ’. ಅದರ ಅಡುಗೆಗಳಲ್ಲಿ ಲವಂಗ, ಕರ್ಪೂರ ಧಾರಾಳ. ವೈರಿಗಳಾದರೂ ನಾಲಿಗೆ ಒಂದೇ ಥರದ್ದು.

ಅಕ್ಕಿಯ ಬೆಲೆ ಏನಿತ್ತು ಅನ್ನೋದಕ್ಕೆ ಕೋಟೆಗಿಂತ ಹಳೆಯ ಸಾಕ್ಷಿ ನಮ್ಮ ಜಿಲ್ಲೆಯಲ್ಲೇ ಇದೆ. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ, ಅಂದರೆ ಇವತ್ತಿನ ಬಸವಕಲ್ಯಾಣದಲ್ಲಿ, ಆಯ್ದಕ್ಕಿ ಮಾರಯ್ಯ ನೆಲಕ್ಕೆ ಬಿದ್ದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಹೆಚ್ಚು ತಂದಾಗ ಲಕ್ಕಮ್ಮ ವಾಪಸು ಸುರಿದು ಬಾ ಅಂದಳು. ಕಥೆಯನ್ನು ನಾವು ಕಾಯಕದ ಪಾಠ ಅಂತ ಓದಿದ್ದೀವಿ. ನಾನು ಈಗೀಗ ಅದನ್ನು ಅಕ್ಕಿಯ ಕಥೆಯಾಗಿಯೂ ಓದ್ತೀನಿ. ಇನ್ನೊಂದು ಕಥೆಯಲ್ಲಿ ಶಿವ ಮಾದಾರ ಚೆನ್ನಯ್ಯನ ಮನೆಗೆ ಬಂದು ಅಂಬಲಿ ಕುಡೀತಾನೆ. ದೇವರು ಬಡವನ ಮನೆಗೆ ಬಂದ ಅಂತ ಹೇಳೋಕೆ ಅಂಬಲಿಯೇ ಬೇಕಾಯ್ತು, ಪಾಯಸ ಆಗಲಿಲ್ಲ.

ಇನ್ನು ಪೋಟ್ಲಿ. 1956ರವರೆಗೆ ನಾವು ಹೈದರಾಬಾದ್ ರಾಜ್ಯದವರು. ಉದಗೀರ್, ನಾರಾಯಣಖೇಡ, ಔರಾದ್ ಎಲ್ಲ ಒಂದೇ ಬೀದರ್ ಜಿಲ್ಲೆ. ಹಾಗಾಗಿ ನಿಹಾರಿಯ ‘ಪೋಟ್ಲಿ ಕಾ ಮಸಾಲಾ’ ನಮಗೆ ಪರಕೀಯವಲ್ಲ. ಬೇರು, ತೊಗಟೆ, ಕಾಳುಗಳನ್ನು ತೆಳು ಅರಿವೆಯಲ್ಲಿ ಗಂಟು ಕಟ್ಟಿ ಕುದಿಯುವ ನೀರಿಗೆ ಬಿಡೋದು, ಸಾರ ಇಳಿದ ಮೇಲೆ ತೆಗೆಯೋದು. ಆ ಗಂಟು ಬಿಚ್ಚಿ ನೋಡಿ. ಕಬಾಬ್ ಚೀನಿ ಇರುತ್ತೆ, ಕನ್ನಡದಲ್ಲಿ ಬಾಲಮೆಣಸು. ಹೆಸರಲ್ಲಿ ಚೀನಾ ಇದ್ದರೂ ಅದರ ಮೂಲ ಜಾವಾ (ಕೋಡ್ ಬರೆಯುವ ಜಾವಾ ಅಲ್ಲ, ದ್ವೀಪ). ‘ಪಾನ್ ಕೀ ಜಡ್’ ಅನ್ನೋ ಬೇರು ಇರುತ್ತೆ, ಅದರ ಇನ್ನೊಂದು ಹೆಸರು ಕುಲಂಜನ್. ಸೂಪರ್ ಮಾರ್ಕೆಟ್ಟಿನಲ್ಲಿ ‘ಥಾಯ್ ಜಿಂಜರ್’, ‘ಗಲಾಂಗಲ್’ ಅಂತ ಪ್ಲಾಸ್ಟಿಕ್ ಸುತ್ತಿ ಮಾರೋದು ಇದರ ಹಸಿ ರೂಪವನ್ನೇ. ನಾವು ಟಾಮ್ ಯಮ್ ಅಂತ ಬಾಯಿ ಚಪ್ಪರಿಸುವ ಪರಿಮಳ ನಿಹಾರಿ ಅಂಗಡಿಯ ಹಂಡೆಯಲ್ಲಿ ಯಾವತ್ತೋ ಕುದಿಯುತ್ತಿತ್ತು.

ನನ್ನ ಜೋಳದ ಪಲಾವು ಸರಿಹೋದದ್ದು ಈ ಪೋಟ್ಲಿಯಿಂದಲೇ. ಇಡೀ ಜೋಳದ ಸ್ವಭಾವವೇ ಬೇರೆ. ಅಕ್ಕಿಯ ಹಾಗೆ ಅಂಟೋದಿಲ್ಲ, ಉದುರುದುರಾಗಿ ಉಳಿಯುತ್ತೆ, ಪಲಾವಿಗೆ ಅದೇ ಬೇಕು. ಆದರೆ ಮೇಲಿನ ಸಿಪ್ಪೆ ಗಟ್ಟಿ, ಒಗ್ಗರಣೆಯ ವಾಸನೆ ಒಳಗೆ ಇಳಿಯೋದಿಲ್ಲ. ಮಸಾಲೆ ಹೊರಗೆ, ಕಾಳು ಒಳಗೆ ಸಪ್ಪೆ. ಅದಕ್ಕೆ ಬೇಯಿಸುವ ನೀರಲ್ಲೇ ಪೋಟ್ಲಿ ಬಿಡಬೇಕು. ಒಂದು ಲೋಟ ಬಿಳಿಜೋಳವನ್ನು ರಾತ್ರಿಯಿಡೀ ನೆನೆಸಿ. ಮೂರು ಲವಂಗ, ನಾಲ್ಕು ಬಾಲಮೆಣಸು, ಒಂದು ಚಕ್ರಮೊಗ್ಗು, ಜಾಪತ್ರೆಯ ಚೂರು, ಗಲಾಂಗಲ್ ನಾಲ್ಕು ಬಿಲ್ಲೆ, ಜಜ್ಜಿದ ಲೆಮನ್‌ಗ್ರಾಸ್ ಎರಡು ದಂಟು, ಇಷ್ಟನ್ನೂ ಅರಿವೆಯಲ್ಲಿ ಕಟ್ಟಿ. ಮೂರು ಲೋಟ ನೀರು, ಉಪ್ಪು, ಏಳೆಂಟು ಸೀಟಿ. ಕಾಳು ಹಲ್ಲಿಗೆ ಸ್ವಲ್ಪ ತಡೆಯಬೇಕು, ಅದು ಬೇಯದ್ದಲ್ಲ, ಜೋಳದ ಗುಣ. ಬಸಿದ ನೀರು ಚೆಲ್ಲಬೇಡಿ, ಕಟ್ಟಿನ ಸಾರಿಗೆ ಚೆನ್ನ. ಆಮೇಲೆ ತುಪ್ಪದಲ್ಲಿ ಈರುಳ್ಳಿ, ಹಸಿಮೆಣಸಿನಕಾಯಿ ಹುರಿದು, ಕಾಳು ಹಾಕಿ, ಅರ್ಧ ಲೋಟ ತೆಂಗಿನ ಹಾಲು ಸುರಿದು, ಸಣ್ಣ ಉರಿಯಲ್ಲಿ ಹತ್ತು ನಿಮಿಷ ಮುಚ್ಚಿಡಿ. ಕೊನೆಗೆ ಕೊತ್ತಂಬರಿ, ನಿಂಬೆಹಣ್ಣು. ತೆಂಗಿನ ಹಾಲಿನ ಬದಲು ಹುರಿದ ಶೇಂಗಾ ಪುಡಿ ಹಾಕಿದರೂ ನಡೆಯುತ್ತೆ, ನನಗೆ ಅದೇ ಹೆಚ್ಚು ಇಷ್ಟ.

ಊರಿಗೆ ಹೋದಾಗ ಅವ್ವನಿಗೆ ಮಾಡಿ ಬಡಿಸಿದೆ. ಎರಡು ತುತ್ತು ಉಂಡು, “ಛೊಲೊ ಆಗ್ಯದ. ಆದ್ರ ಪಲಾವ್ ಅಂದ್ರ ಅಕ್ಕೀದು. ಇದು ನುಚ್ಚಿನ ತಮ್ಮ” ಅಂದಳು. ಸಣ್ಣವಳಿದ್ದಾಗ ಅಕ್ಕಿ ಹಬ್ಬಕ್ಕಷ್ಟೇ ಕಂಡವಳು ಆಕೆ. ಈಗ ಅಕ್ಕಿ ರೇಷನ್ನಿನಲ್ಲಿ ಬರುತ್ತೆ, 2013ರ ಅನ್ನಭಾಗ್ಯದ ಮೇಲಂತೂ ದಿನದ ಮಾತು. ಅಕ್ಕಿ ಉಣ್ಣೋದು ಆಕೆಗೆ ಗೆದ್ದ ಹಾಗೆ. ಗೆದ್ದು ತಂದ ಅಕ್ಕಿಯನ್ನು ಬಿಟ್ಟು ಮಗ ಬೆಂಗಳೂರಿನಿಂದ ಜೋಳದ ಪಲಾವು ಕಲಿತು ಬಂದರೆ ನಗು ಬಾರದೇ ಇರುತ್ತಾ? ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷ ಅಂತ ಘೋಷಿಸಿದ್ದನ್ನು ಹೇಳಿದೆ. “ಅವ್ರಿಗಿ ಈಗ ಗೊತ್ತಾತೇನು?” ಅಂದು ಇನ್ನೊಂದು ಸೌಟು ಹಾಕಿಸಿಕೊಂಡಳು.

‘ನಮ್ಮ ಜೋಳ’ ಅಂತ ಎದೆ ತಟ್ಟಿಕೊಳ್ಳೋ ಮೊದಲು ಒಂದು ಮಾತು. ಜೋಳವೂ ಮೂಲದಲ್ಲಿ ಆಫ್ರಿಕಾದ್ದು, ಸುಡಾನಿನ ಕಡೆಯಿಂದ ಸಾವಿರಾರು ವರ್ಷದ ಹಿಂದೆ ಬಂದದ್ದು. ಮೆಣಸಿನಕಾಯಿ, ಶೇಂಗಾ ಅಮೆರಿಕದವು, ಪೋರ್ಚುಗೀಸರು ಬಂದ ಮೇಲಿನವು. ಬಂದವರು ಬರುತ್ತಲೇ ಇದ್ದಾರೆ. ಈಗ ಬೀದರ್ ಜಿಲ್ಲೆಯ ಮುಂಗಾರು ಹೊಲಗಳಲ್ಲಿ ಎದ್ದು ಕಾಣೋದು ಪೂರ್ವ ಏಷ್ಯಾದ ಇನ್ನೊಂದು ಕಾಳು, ಸೋಯಾ. ನಮ್ಮ ಹೊಲದಲ್ಲೂ ಅದೇ. ಊರಿಗೆ ಹೋಗುವಾಗ ಪಲಾವಿಗೆ ಬೇಕಾದ ಬಿಳಿಜೋಳವನ್ನು ನಾನು ಬೆಂಗಳೂರಿನಿಂದಲೇ ಒಯ್ದಿದ್ದೆ.